ಉಂಗುರದ ಹೊಣೆ: ಗಡಿನಾಡಿನ ಮದುವೆಯ ಒಡವೆ ಮತ್ತು ವಿಮೆ

ಗಡಹಿಂಗ್ಲಜದ ಮಗ್ಗುಲಲ್ಲಿ ಹರಿಯುವ ಹೊಳೆಗೆ ಹಿರಣ್ಯಕೇಶಿ ಎಂದು ಹೆಸರು. ಬಂಗಾರದ ಕೂದಲಿನವಳು ಎಂಬುದು ಅದರ ಅರ್ಥ. ಆಂಬೋಲಿಯ ಘಟ್ಟದಲ್ಲಿ ಹುಟ್ಟಿ, ಆಜರಾ ಮತ್ತು ಗಡಹಿಂಗ್ಲಜಗಳನ್ನು ದಾಟಿ, ಸಂಕೇಶ್ವರದ ಬಳಿ ಕರ್ನಾಟಕವನ್ನು ಹೊಕ್ಕು, ಕೊನೆಗೆ ಘಟಪ್ರಭೆಯಲ್ಲಿ ಒಂದಾಗುವ ಈ ಹೊಳೆಯ ಎರಡೂ ದಂಡೆಗಳಲ್ಲಿ ಬೀಗತನದ ಮಾತು ಎರಡು ಭಾಷೆಗಳಲ್ಲಿ ನಡೆಯುತ್ತದೆ. ಹೆಣ್ಣು ನೂಲದ್ದಾದರೆ ಗಂಡು ಹುಕ್ಕೇರಿಯದು. ಹೆಣ್ಣು ನಿಪ್ಪಾಣಿಯದಾದರೆ ಗಂಡು ಹಲಕರ್ಣಿಯದು. ನಾವು 'ನಿಶ್ಚಯ' ಎನ್ನುವುದನ್ನು ನೆರೆಮನೆಯವರು 'ಸಾಖರಪುಡಾ' ಎನ್ನುತ್ತಾರೆ. ಆದರೆ ತಕ್ಕಡಿಯ ಮುಂದೆ ಕುಳಿತಾಗ ಎರಡೂ ಕಡೆಯವರ ಮಾತು ಒಂದೇ: ಎಷ್ಟು ತೊಲಿ? ಆ ಮಾತುಕತೆಯಲ್ಲಿ ಸಾಮಾನ್ಯವಾಗಿ ಯಾರೂ ಎತ್ತದ ಇನ್ನೊಂದು ಪ್ರಶ್ನೆಯಿದೆ. ಮೈಮೇಲೆ ಹಾಕಿದ ಆ ಬಂಗಾರ ನಾಳೆ ಕಳೆದರೆ, ಕಳುವಾದರೆ, ಹೊಳೆಯ ಪಾಲಾದರೆ ನಷ್ಟ ಯಾರದು? ನಮ್ಮ ನಾಡು ಈ ಪ್ರಶ್ನೆಗೆ ಒಂಬತ್ತು ಶತಮಾನಗಳಿಂದ ಕೊಟ್ಟುಕೊಂಡು ಬಂದ ಉತ್ತರಗಳನ್ನು ನೋಡುವುದೇ ಈ ಬರಹದ ಉದ್ದೇಶ.

ನಿಶ್ಚಯದ ದಿನ ಗಂಡು ಹೆಣ್ಣುಗಳು ಒಬ್ಬರಿಗೊಬ್ಬರು ಉಂಗುರ ತೊಡಿಸುವ ಪದ್ಧತಿ ಈ ಭಾಗದಲ್ಲಿ ಬಹಳ ಹಳೆಯದಲ್ಲ. ಸಕ್ಕರೆ, ಕುಂಕುಮ, ಸೀರೆ, ಕಾಯಿಗಳಿಂದಲೇ ಮಾತು ಗಟ್ಟಿಯಾಗುತ್ತಿತ್ತು. ಮದುವೆಯ ಗುರುತಾಗಿ ಹೆಣ್ಣಿನ ಮೈಮೇಲೆ ಉಳಿಯುತ್ತಿದ್ದವು ಕೊರಳ ತಾಳಿ ಮತ್ತು ಕಾಲುಂಗುರ. ಕಾಲುಂಗುರ, ಕಾಲಗೆಜ್ಜೆಗಳ ಬೆಳ್ಳಿಯ ಕೆಲಸಕ್ಕೆ ಹಾತಕಣಂಗಲೆ ತಾಲೂಕಿನ ಹುಪರಿ ಇಂದಿಗೂ ಹೆಸರುವಾಸಿ. ಕೊಲ್ಲಾಪುರದ ಅಂಬಾಬಾಯಿ ಗುಡಿಯ ಹತ್ತಿರದ ಗುಜರಿಯಲ್ಲಿ ಬಂಗಾರದ ಅಂಗಡಿಗಳು ಸಾಲುಗಟ್ಟಿವೆ. ಅಲ್ಲಿಂದ ಬರುವ ಸಾಜು, ಠುಶಿ, ಪುತಳಿಹಾರ, ಬೋರಮಾಳಗಳನ್ನು ಕನ್ನಡ ಮನೆಗಳೂ ಮರಾಠಿ ಮನೆಗಳೂ ಒಂದೇ ಹೆಸರಿನಿಂದ ಕರೆಯುತ್ತವೆ. ಸಾಜಿನಲ್ಲಿ ಇಪ್ಪತ್ತೊಂದು ಪದಕಗಳೆಂದೂ, ಹತ್ತು ದಶಾವತಾರಕ್ಕೆ, ಎಂಟು ಅಷ್ಟಮಂಗಲಕ್ಕೆ, ಎರಡು ಮಾಣಿಕ್ಯ ಮತ್ತು ಪಚ್ಚೆಗೆ, ಕೊನೆಯದು ಡೋರಲೆಗೆ ಎಂದೂ ಲೆಕ್ಕ ಹೇಳುವ ರೂಢಿಯಿದೆ. ಉಂಗುರ ಈ ಪಟ್ಟಿಯಲ್ಲಿ ಬಹುಕಾಲ ಗಂಡಸರ ಒಡವೆಯಾಗಿಯೇ ಇತ್ತು. ಬೀಗರು ಅಳಿಯನಿಗೆ ಹಾಕುವ ಮರ್ಯಾದೆ ಅದು.

ಉಂಗುರವನ್ನೇ ಮಾತಿನ ಮುದ್ರೆಯೆಂದು ಭಾವಿಸಿದವರು ಬೇರೆ ನಾಡಿನವರು. ರೋಮನರು ನಿಶ್ಚಯವಾದ ಹೆಣ್ಣಿಗೆ ಕಬ್ಬಿಣದ ಉಂಗುರ ಕಳಿಸುತ್ತಿದ್ದರೆಂದು ಪ್ಲಿನಿ ಬರೆದಿದ್ದಾನೆ. 1477ರಲ್ಲಿ ಆಸ್ಟ್ರಿಯಾದ ಮ್ಯಾಕ್ಸಿಮಿಲಿಯನ್ ಬರ್ಗಂಡಿಯ ಮೇರಿಗೆ ವಜ್ರದುಂಗುರ ಕೊಟ್ಟದ್ದನ್ನು ಯುರೋಪಿನವರು ಇಂದಿಗೂ ನೆನೆಯುತ್ತಾರೆ. ಆ ಕಾಲದಲ್ಲಿ ಜಗತ್ತಿಗೆ ವಜ್ರ ಬಹುಮಟ್ಟಿಗೆ ಭಾರತದಿಂದಲೇ ಹೋಗುತ್ತಿತ್ತು. ನಮ್ಮ ಹಿರಣ್ಯಕೇಶಿಯ ನೀರು ಕೊನೆಗೆ ಸೇರುವ ಕೃಷ್ಣೆಯ ಕೆಳಕಣಿವೆಯೇ ಅದರ ದೊಡ್ಡ ನೆಲೆ. ಅಮೆರಿಕದಲ್ಲಿ ಇನ್ನೊಂದು ಬಗೆಯ ಕಥೆಯಿದೆ. ಮಾತು ಕೊಟ್ಟು ಮದುವೆಯಾಗದವನ ಮೇಲೆ ಹೆಣ್ಣು ದಾವೆ ಹೂಡುವ ಹಕ್ಕನ್ನು ಅಲ್ಲಿನ ಕೆಲವು ರಾಜ್ಯಗಳು 1935ರಿಂದ ಮೊದಲುಗೊಂಡು ರದ್ದುಪಡಿಸಿದವು. ಅದೇ ದಶಕಗಳಲ್ಲಿ ಬೆಲೆಬಾಳುವ ನಿಶ್ಚಯದುಂಗುರದ ಬೇಡಿಕೆ ಏರಿತು. ಕಾನೂನು ಕೈಬಿಟ್ಟ ಭರವಸೆಯನ್ನು ಉಂಗುರ ತುಂಬಿಕೊಟ್ಟಿತೆಂಬುದು ಕೆಲವು ಕಾನೂನು ವಿದ್ವಾಂಸರ ವಾದ. ಅದು ನಿಜವಾದರೆ ಉಂಗುರವೇ ಅಲ್ಲಿ ಮೊದಲ ವಿಮೆ. ಉಂಗುರಕ್ಕೆ ವಿಮೆ ಬಂದದ್ದು ಆಮೇಲಿನ ಮಾತು.

ನಮ್ಮ ನಾಡಿನ ಉತ್ತರ ಹುಡುಕಲು ಕಲ್ಯಾಣಕ್ಕೆ ಹೋಗಬೇಕು. ಹನ್ನೊಂದು ಹನ್ನೆರಡನೆಯ ಶತಮಾನಗಳಲ್ಲಿ ಕೊಲ್ಲಾಪುರ ಕರಹಾಡಗಳ ಸೀಮೆಯನ್ನು ಆಳುತ್ತಿದ್ದವರು ಕಲ್ಯಾಣ ಚಾಲುಕ್ಯರ ಸಾಮಂತರಾದ ಶಿಲಾಹಾರರು. ಅವರ ಶಾಸನಗಳಲ್ಲಿ ಹಲವು ಕನ್ನಡದವು. ಕರಹಾಡದ ಶಿಲಾಹಾರ ರಾಜಕುಮಾರಿ ಚಂದ್ರಲೇಖೆ ಸ್ವಯಂವರದಲ್ಲಿ ಆರನೆಯ ವಿಕ್ರಮಾದಿತ್ಯನನ್ನು ವರಿಸಿದ ಕಥೆಯನ್ನು ಬಿಲ್ಹಣ ತನ್ನ ವಿಕ್ರಮಾಂಕದೇವಚರಿತದಲ್ಲಿ ಹೇಳಿದ್ದಾನೆ. ನಮ್ಮ ಸೀಮೆಯ ಹೆಣ್ಣು ತವರಿನ ಒಡವೆಯೊಡನೆ ಕಲ್ಯಾಣದ ಅರಮನೆಯನ್ನು ಹೊಕ್ಕ ಅದೇ ಆಳ್ವಿಕೆಯಲ್ಲಿ, ಅದೇ ಊರಿನಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದನು. ಮುಂದೆ ಭಾರತದ ಬಹುಭಾಗದ ಹಿಂದೂ ಕುಟುಂಬ ಕಾನೂನಿಗೆ ಇದೇ ಆಧಾರಗ್ರಂಥವಾಯಿತು.

ಸ್ತ್ರೀಧನವೆಂದರೆ ಯಾವುದು ಎಂಬುದಕ್ಕೆ ಸ್ಮೃತಿ ಪಟ್ಟಿ ಕೊಡುತ್ತದೆ: ತಂದೆ, ತಾಯಿ, ಗಂಡ, ಅಣ್ಣತಮ್ಮಂದಿರು ಕೊಟ್ಟದ್ದು, ಅಗ್ನಿಸಾಕ್ಷಿಯಾಗಿ ಬಂದದ್ದು ಮತ್ತು ಇಂಥವೇ ಇತರ. 'ಇತರ' ಎಂಬ ಆ ಸಣ್ಣ ಪದವನ್ನು ವಿಜ್ಞಾನೇಶ್ವರ ಹಿಗ್ಗಲಿಸಿದನು. ಹೆಣ್ಣಿಗೆ ಉತ್ತರಾಧಿಕಾರದಿಂದ, ಕೊಂಡು, ಪಾಲಿನಿಂದ, ಸಿಕ್ಕಿ, ಹೇಗೆ ಬಂದರೂ ಅದು ಅವಳ ಧನವೇ ಎಂದನು. ಅವನ ನಂತರದ ಹಲವು ಪಂಡಿತರು ಇಷ್ಟು ದೂರ ಬರಲು ಒಪ್ಪಲಿಲ್ಲ. ಇಂಗ್ಲಿಷರ ಕಾಲದ ನ್ಯಾಯಾಲಯಗಳೂ ಹಿಂಜರಿದವು. ಹಾಗಾಗಿ, ಬಂಗಾರ ಯಾರದು ಎಂಬ ಪ್ರಶ್ನೆಗೆ ಕನ್ನಡ ನೆಲದಲ್ಲಿ ಬಹಳ ಮೊದಲೇ ಉದಾರವಾದ ಉತ್ತರ ದೊರೆತಿತ್ತು ಎನ್ನಲು ಅಡ್ಡಿಯಿಲ್ಲ. ಆದರೆ ಒಂದು ಕಿಂಡಿ ಉಳಿದಿತ್ತು. ಬರಗಾಲದಲ್ಲಿ, ತಪ್ಪಿಸಲಾಗದ ಧರ್ಮಕಾರ್ಯಕ್ಕೆ, ರೋಗದಲ್ಲಿ, ಸೆರೆಯಲ್ಲಿದ್ದಾಗ ಗಂಡನು ಹೆಂಡತಿಯ ಧನವನ್ನು ತೆಗೆದುಕೊಂಡರೆ ಹಿಂದಿರುಗಿಸುವ ಕಡ್ಡಾಯವಿಲ್ಲ. ಈ ನಾಲ್ಕನ್ನೂ ಇಂದಿನ ಕಣ್ಣಿನಿಂದ ಓದಿದರೆ ಅವು ಒಂದು ಸಂಸಾರದ ಮೇಲೆ ಬೀಳಬಹುದಾದ ಆಪತ್ತುಗಳ ಪಟ್ಟಿಯಂತೆ ಕಾಣುತ್ತವೆ. ಮನೆಯ ವಿಮಾಹಣವಾಗಿ ಒದಗುತ್ತಿದ್ದುದು ಹೆಣ್ಣಿನ ಒಡವೆ. ಕಂತು ಕಟ್ಟಿದವಳೂ ಅವಳೇ.

ಇನ್ನೊಂದು ಪ್ರಶ್ನೆ, ಅಂದರೆ ನಷ್ಟದ ಹೊಣೆಯ ಪ್ರಶ್ನೆ, ಅದೇ ಗ್ರಂಥದ ಬೇರೆ ಪ್ರಕರಣಗಳಲ್ಲಿದೆ. ಒಳಗೇನಿದೆಯೆಂದು ಹೇಳದೆ ಪೆಟ್ಟಿಗೆಯನ್ನು ಮುಚ್ಚಿ ಇನ್ನೊಬ್ಬನ ಕೈಗೆ ಕೊಟ್ಟರೆ ಅದಕ್ಕೆ 'ಉಪನಿಧಿ' ಎಂದು ಹೆಸರು. ಇಟ್ಟುಕೊಂಡವನು ಇದ್ದ ಹಾಗೆಯೇ ಮರಳಿ ಕೊಡಬೇಕು. ಆದರೆ ರಾಜ, ದೈವ, ಕಳ್ಳ ಈ ಮೂವರಿಂದ ಹೋದದ್ದನ್ನು ತುಂಬಿಕೊಡಬೇಕಾಗಿಲ್ಲ. ಒತ್ತೆಯ ನಿಯಮ ಇದಕ್ಕಿಂತ ಬಿಗಿ. ಒತ್ತೆಯಿಟ್ಟ ವಸ್ತು ಹಾಳಾದರೂ ಕಳೆದುಹೋದರೂ ಸಾಲ ಕೊಟ್ಟವನು ಹೊಣೆ. ದೈವ ಮತ್ತು ರಾಜರಿಂದಾದ ನಷ್ಟಕ್ಕೆ ಮಾತ್ರ ವಿನಾಯಿತಿ. ಕಳ್ಳನ ಹೆಸರು ಇಲ್ಲಿ ಬಿಟ್ಟುಹೋಗಿದೆ. ಕಾರಣ ಊಹಿಸುವುದು ಕಷ್ಟವಲ್ಲ. ಉಪಕಾರಕ್ಕೆಂದು ಇಟ್ಟುಕೊಂಡವನ ಹೊಣೆ ಹಗುರ, ಬಡ್ಡಿ ತಿನ್ನುವವನ ಹೊಣೆ ಭಾರ. ಇದಕ್ಕೆ ಸೇರಿದಂತೆ ಒಂದು ಸ್ವಾರಸ್ಯದ ವಿಧಿಯೂ ಇದೆ. ಕಾಪಾಡಿ ಇಡಬೇಕಾದ ಒತ್ತೆಯನ್ನು ಸಾಲಗಾರನ ಒಪ್ಪಿಗೆಯಿಲ್ಲದೆ ಬಳಸಿದರೆ ಬಡ್ಡಿ ಬಿಟ್ಟುಹೋಗುತ್ತದೆ. ಒತ್ತೆಗೆ ಬಂದ ಸಾಜನ್ನು ಸಾವುಕಾರನ ಮನೆಯವರು ಜಾತ್ರೆಗೆ ಹಾಕಿಕೊಂಡು ಹೋದರೆ ಆ ಸಾಲಕ್ಕೆ ಬಡ್ಡಿ ಕೇಳುವ ಬಾಯಿಲ್ಲ! ಈ ವಿಧಿ ಹುಟ್ಟಿದ್ದು ಅನುಭವದಿಂದಲೇ ಇರಬೇಕು.

ಕಳ್ಳತನದ ನಷ್ಟವನ್ನು ಹಾಗಾದರೆ ಯಾರು ಹೊರಬೇಕು? ಕಳುವಾದ ಸೊತ್ತನ್ನು ರಾಜನೇ ಪ್ರಜೆಗೆ ಕೊಡಿಸಬೇಕೆನ್ನುತ್ತದೆ ಸ್ಮೃತಿ. ಕಳ್ಳನ ಹೆಜ್ಜೆಯ ಜಾಡು ಯಾವ ಊರಿನ ಸೀಮೆಯಲ್ಲಿ ನಿಲ್ಲುತ್ತದೋ ಆ ಊರು ಹೊಣೆ. ಎಲ್ಲೆಗಳ ಆಚೆ ನಡೆದಿದ್ದರೆ ಸುತ್ತಲಿನ ಐದು ಅಥವಾ ಹತ್ತು ಹಳ್ಳಿಗಳು ಕೂಡಿ ಹೊರಬೇಕು. ಒಬ್ಬನ ನಷ್ಟವನ್ನು ಹಲವರ ಮೇಲೆ ಹಂಚುವ ಈ ಲೆಕ್ಕಾಚಾರವೇ ವಿಮೆಯ ತಿರುಳು. ಇದು ಬರಿಯ ಪುಸ್ತಕದ ಮಾತಾಗಿ ಉಳಿಯಲಿಲ್ಲ. ಪೇಶವಾಯಿ ಮುಗಿದ ಮೇಲೆ, 1819ರಲ್ಲಿ ದಖ್ಖನಿನ ಪದ್ಧತಿಗಳನ್ನು ಕುರಿತು ವರದಿ ಬರೆದ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್, ಜಾಡು ಹಿಡಿದು ಹೋಗುವ ಮತ್ತು ಕಳುವಿಗೆ ಊರನ್ನೂ ಕಾವಲಿನವರನ್ನೂ ಹೊಣೆಮಾಡುವ ಈ ರೂಢಿಯನ್ನು ಗುರುತಿಸಿದ್ದಾನೆ. ಮರಾಠಿ ಸೀಮೆಯಲ್ಲಿ ರಾಮೋಶಿಗಳು, ನಮ್ಮ ಕಡೆ ಬೇಡರು, ವಾಲಿಕಾರರು, ಶೇತಸನದಿಗಳು ಇನಾಮು ಹೊಲ ಉಂಡು ಊರು ಕಾಯುತ್ತಿದ್ದರು. ಆ ಹೊಲದ ಪೈರು ಊರಿನವರು ಸಲ್ಲಿಸುವ ಕಂತು ಎನ್ನಬಹುದು. ಕಾವಲಿಗಾಗಿ ಭೂಮಿ ಪಡೆದವರ ಹಕ್ಕಿಗೆ ಕೈಹಾಕಿದರೆ ಏನಾಗುತ್ತದೆಂಬುದಕ್ಕೆ ಗಡಹಿಂಗ್ಲಜಕ್ಕೆ ಸಮೀಪದ ಸಾಮಾನಗಡವೇ ಸಾಕ್ಷಿ. 1844ರಲ್ಲಿ ಅಲ್ಲಿನ ಗಡಕರಿಗಳು ಬಂಡೆದ್ದದ್ದು ಇದೇ ಕಾರಣಕ್ಕೆ.

ಪೊಲೀಸು ಠಾಣೆ ಬಂದ ಬಳಿಕ ಊರಿನ ಹೊಣೆ ತಪ್ಪಿತು. ಠಾಣೆ ಕಳ್ಳನನ್ನು ಹಿಡಿಯುತ್ತದೆ, ಪಂಚನಾಮೆ ಮಾಡುತ್ತದೆ, ಸಿಕ್ಕ ಒಡವೆಯನ್ನು ನ್ಯಾಯಾಲಯದ ಆದೇಶದ ಮೇರೆಗೆ ಒಡೆಯರಿಗೆ ಒಪ್ಪಿಸುತ್ತದೆ; ಸಿಗದ ಒಡವೆಯ ಬೆಲೆಯನ್ನು ಅದು ಕೊಡುವುದಿಲ್ಲ. ಹಳೆಯ ಏರ್ಪಾಡು ಹೋಗಿ ಹೊಸದು ಬರುವುದರೊಳಗೆ ಸುಮಾರು ನೂರು ವರ್ಷಗಳ ಒಂದು ತೆರಪು ಬಿದ್ದಿತು. ನಮ್ಮ ಅಜ್ಜಿಯರು, ಮುತ್ತಜ್ಜಿಯರು ಬಾಳಿದ್ದು ಆ ತೆರಪಿನಲ್ಲಿ. ಅವರ ತಿಜೋರಿಗಳೆಂದರೆ ಜೋಳದ ಹಗೇವು, ಅಡುಗೆಮನೆಯ ಮಣ್ಣಿನ ಗೋಡೆ, ದೇವರ ಜಗಲಿಯ ಕೆಳಗಿನ ಗಡಿಗೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿದ ಪ್ಲೇಗು ಈ ಭಾಗಕ್ಕೂ ಹಬ್ಬಿ, ಜನ ಮನೆಗೆ ಬೀಗ ಹಾಕಿ ಹೊಲದ ಗುಡಿಸಲುಗಳಿಗೆ ಹೋದಾಗ ಆ ಗಡಿಗೆಗಳ ಭದ್ರತೆ ಎಷ್ಟರದೆಂದು ತಿಳಿದಿರಬೇಕು. ಹೂಳಿಟ್ಟವರು ಹೇಳದೆ ತೀರಿಕೊಂಡರೆ ಆ ಬಂಗಾರ ನೆಲದ ಪಾಲು.

ಸಾವುಕಾರನ ಮನೆಯಲ್ಲಿ ಒತ್ತೆಯಿಡುವುದೂ ಎಷ್ಟೋ ಸಲ ಸಾಲಕ್ಕಿಂತ ಹೆಚ್ಚಾಗಿ ಕಾಪಿಗಾಗಿ ನಡೆಯುತ್ತಿತ್ತು. ಆದರೆ ಬರ ಬಂದಾಗ ಹೋದ ಒಡವೆ ಮರಳುತ್ತಿರಲಿಲ್ಲ. 1876–78ರ ಬರಗಾಲದಲ್ಲಿ ದಖ್ಖನಿನ ಹೆಂಗಸರ ಬೆಳ್ಳಿಯ ಒಡವೆಗಳು ರಾಶಿರಾಶಿಯಾಗಿ ಮುಂಬಯಿಯ ಟಂಕಸಾಲೆಗೆ ಬಂದು ಕರಗಿದವು. 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ನು ಸುವರ್ಣಪ್ರಮಾಣವನ್ನು ಕೈಬಿಟ್ಟ ಮೇಲೆ ಬಂಗಾರದ ಬೆಲೆ ಏರಿತು. ಕೃಷಿಯ ಬೆಲೆಗಳು ಕುಸಿದಿದ್ದ ಆ ಮುಗ್ಗಟ್ಟಿನ ಕಾಲದಲ್ಲಿ ದೇಶದ ಹಳ್ಳಿಗಳಿಂದ ಬಂಗಾರ ಹಡಗು ಹತ್ತಿ ಲಂಡನ್ನಿಗೆ ಹೋಯಿತು. ಅದನ್ನು ಆಗಿನ ಪತ್ರಿಕೆಗಳು 'ಸಂಕಟದ ಬಂಗಾರ' ಎಂದೇ ಕರೆದವು. ವಿಜ್ಞಾನೇಶ್ವರನ ನಾಲ್ಕು ಆಪತ್ತುಗಳಲ್ಲಿ ಮೊದಲನೆಯದೇ ಮತ್ತೆ ಮತ್ತೆ ಬಂದಿತು; ಹಿಂದಿರುಗಿಸುವ ಕಡ್ಡಾಯ ಆಗಲೂ ಯಾರಿಗೂ ಇರಲಿಲ್ಲ.

ಇನ್ನು ವಿಮೆ. ಈ ಪದವೇ ಗಡಿ ದಾಟಿ ಬಂದದ್ದು. ಫಾರಸಿಯ 'ಬೀಮ್' ಎಂದರೆ ಭಯ. ಅದರಿಂದ ಹಿಂದುಸ್ಥಾನಿಯ ಬೀಮಾ, ಮರಾಠಿಯ ವಿಮಾ, ಕನ್ನಡದ ವಿಮೆ. ಪದ ಹೊಸದಾದರೂ ವಿಚಾರ ಹಳೆಯದು. ಕಾಡುದಾರಿಯಲ್ಲಿ ಹೋಗುವ ವ್ಯಾಪಾರಿ ನೂರಕ್ಕೆ ಹತ್ತು, ಕಡಲ ಮೇಲೆ ಹೋಗುವವನು ನೂರಕ್ಕೆ ಇಪ್ಪತ್ತು ಬಡ್ಡಿ ಕೊಡಬೇಕೆಂದು ಯಾಜ್ಞವಲ್ಕ್ಯ ಹೇಳುವಾಗ, ಹೆಚ್ಚಿನ ಬಡ್ಡಿಯಲ್ಲಿ ಅಸಲೇ ಮುಳುಗುವ ಭಯದ ಬೆಲೆಯೂ ಸೇರಿತ್ತು. ಪಶ್ಚಿಮ ಕರಾವಳಿಯ ವರ್ತಕರ 'ಜೋಖಮಿ ಹುಂಡಿ'ಯಲ್ಲಿ ಸರಕು ಕ್ಷೇಮವಾಗಿ ಮುಟ್ಟಿದರೆ ಮಾತ್ರ ಹಣ ಸಲ್ಲುತ್ತಿತ್ತು. ಆದರೆ ಇವೆಲ್ಲ ಸರಕಿಗೆ, ಹಡಗಿಗೆ. ಮನೆಯೊಳಗಿನ ಒಡವೆಗೆ ಕಳುವಿನ ವಿಮೆ ಹುಟ್ಟಿದ್ದು ಲಂಡನ್ನಿನ ಲಾಯ್ಡ್ಸ್‌ನಲ್ಲಿ, 1880ರ ದಶಕದಲ್ಲಿ. ಕತ್‌ಬರ್ಟ್ ಹೀತ್ ಎಂಬ ವಿಮಾದಾರನು ಬೆಂಕಿಗೆ ಕೊಡುವ ಭರವಸೆಯನ್ನು ಕನ್ನಗಳ್ಳತನಕ್ಕೂ ಯಾಕೆ ಕೊಡಬಾರದೆಂದು ಯೋಚಿಸಿದನು. ಆಭರಣದ ವ್ಯಾಪಾರಿಗಳಿಗೆಂದೇ ಪ್ರತ್ಯೇಕ ವಿಮೆಯನ್ನೂ ಅವನೇ ರೂಪಿಸಿದನು. ನಮ್ಮ ಊರುಗಳಿಗೆ ಒಡವೆಯ ವಿಮೆ ಮೊದಲು ಪರಿಚಯವಾದದ್ದು ಬಹುಶಃ ಅಂಚೆಕಚೇರಿಯ ಮೂಲಕ. ಅರಗಿನ ಮುದ್ರೆ ಒತ್ತಿ, ಬೆಲೆ ಬರೆದು ಕಳಿಸುವ ವಿಮಾ ಟಪ್ಪಾಲಿನ ಪೊಟ್ಟಣದಲ್ಲಿ ಒಡವೆ ದೂರದ ಊರಿಗೆ ಪ್ರಯಾಣ ಮಾಡುತ್ತಿತ್ತು.

1919ರಲ್ಲಿ ದೊರಾಬ್ಜಿ ಟಾಟಾ ಅವರು ನ್ಯೂ ಇಂಡಿಯಾ ಕಂಪನಿಯನ್ನು ಸ್ಥಾಪಿಸಿದರು. 1938ರಲ್ಲಿ ವಿಮಾ ಕಾಯಿದೆ ಬಂದಿತು. 1973ರ ಜನವರಿ 1ರಿಂದ 107 ಸಾಮಾನ್ಯ ವಿಮಾ ಕಂಪನಿಗಳು ರಾಷ್ಟ್ರೀಕರಣಗೊಂಡು ನ್ಯಾಶನಲ್, ನ್ಯೂ ಇಂಡಿಯಾ, ಓರಿಯೆಂಟಲ್, ಯುನೈಟೆಡ್ ಇಂಡಿಯಾ ಎಂಬ ನಾಲ್ಕಾದವು. ಇಷ್ಟೆಲ್ಲ ಆದರೂ ಒಡವೆಯ ವಿಮೆ ಮನೆಯ ಹೊಸ್ತಿಲು ದಾಟಲಿಲ್ಲ. ನಮ್ಮ ಜನರ ಅಜ್ಞಾನವೇ ಕಾರಣವೆಂದು ಹೇಳುವವರಿದ್ದಾರೆ. ನನಗೆ ಅದು ಒಪ್ಪಿಗೆಯಾಗದು. ವಿಮೆ ಬೇಕಾದರೆ ಒಡವೆಯ ಪಟ್ಟಿ ಬರೆಯಬೇಕು. ಮತ್ತು ಆ ಕಾಲದಲ್ಲಿ ಬಂಗಾರದ ಪಟ್ಟಿ ಬರೆಯುವುದೇ ಅಪಾಯವಾಗಿತ್ತು. ಚೀನಾ ಯುದ್ಧದ ಬೆನ್ನಿಗೆ, 1963ರ ಜನವರಿಯಲ್ಲಿ, ಮೊರಾರ್ಜಿ ದೇಸಾಯಿಯವರು ಸುವರ್ಣ ನಿಯಂತ್ರಣವನ್ನು ತಂದು 14 ಕ್ಯಾರೆಟ್ಟಿಗಿಂತ ಶುದ್ಧವಾದ ಹೊಸ ಒಡವೆ ಮಾಡುವುದನ್ನು ನಿಷೇಧಿಸಿದರು. ಪತ್ತಾರರ ಕುಲುಮೆಗಳು ಆರಿದವು. ದೇಶದ ಹಲವೆಡೆ ಅಕ್ಕಸಾಲಿಗರು ಪ್ರಾಣ ಕಳೆದುಕೊಂಡರು. 1968ರ ಸುವರ್ಣ ನಿಯಂತ್ರಣ ಕಾಯಿದೆ 1990ರವರೆಗೆ ಜಾರಿಯಲ್ಲಿತ್ತು. 1957ರ ಸಂಪತ್ತು ತೆರಿಗೆ ಕಾಯಿದೆಯ ಲೆಕ್ಕಕ್ಕೆ ಒಡವೆಯೂ ಸೇರಿಕೊಂಡಿತು. ಆ ತೆರಿಗೆ ಹೋದದ್ದು 2015ರಲ್ಲಿ. ತನಿಖೆಯ ವೇಳೆ ಮದುವೆಯಾದ ಹೆಣ್ಣಿನ 500 ಗ್ರಾಂ, ಮದುವೆಯಾಗದವಳ 250 ಗ್ರಾಂ, ಗಂಡಸಿನ 100 ಗ್ರಾಂವರೆಗಿನ ಒಡವೆಯನ್ನು ವಶಪಡಿಸಿಕೊಳ್ಳಬಾರದೆಂದು ಆದಾಯ ತೆರಿಗೆಯ ಕೇಂದ್ರ ಮಂಡಳಿ ಸೂಚನೆ ಹೊರಡಿಸಿದ್ದು 1994ರ ಮೇ ತಿಂಗಳಲ್ಲಿ. ಹೀಗಿರುವಾಗ ಅಜ್ಜಿಯ ಪುತಳಿಹಾರದ ತೂಕವನ್ನು ಕಾಗದದ ಮೇಲೆ ಬರೆದು ಕಚೇರಿಗೆ ಕೊಡುವಷ್ಟು ಭೋಳೆ ಜನ ನಮ್ಮ ಕಡೆ ಇರಲಿಲ್ಲ. ಮೂರು ದಶಕಗಳ ಗುಟ್ಟು ಅಭ್ಯಾಸವಾಗಿ ಉಳಿಯಿತು.

ಆ ಗುಟ್ಟಿಗೆ ಹೇಳಿಮಾಡಿಸಿದ ಜಾಗವೆಂದರೆ ಬ್ಯಾಂಕಿನ ಲಾಕರು. ಒಳಗೇನಿದೆಯೆಂದು ಬ್ಯಾಂಕು ಕೇಳುವುದಿಲ್ಲ, ಗಿರಾಕಿ ಹೇಳುವುದಿಲ್ಲ. ಇದು ಯಾಜ್ಞವಲ್ಕ್ಯನ ಉಪನಿಧಿಯೇ ಸರಿ. ಹೊಣೆಯ ಮಾತೂ ಬಹುಕಾಲ ಹಾಗೆಯೇ ಇತ್ತು. ಬಾಡಿಗೆ ಪಡೆಯುವ ಬ್ಯಾಂಕುಗಳು ಏನಾದರೂ ತಮಗೆ ಸಂಬಂಧವಿಲ್ಲವೆಂದು ಕರಾರಿನಲ್ಲಿ ಬರೆಸಿಕೊಳ್ಳುತ್ತಿದ್ದವು. 2021ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಹೀಗೆ ಕೈತೊಳೆದುಕೊಳ್ಳಲಾಗದೆಂದು ಹೇಳಿ ರಿಸರ್ವ್ ಬ್ಯಾಂಕಿಗೆ ನಿಯಮ ಮಾಡಲು ಆದೇಶಿಸಿತು. ಅದೇ ಆಗಸ್ಟ್ 18ರಂದು ಹೊರಟ ನಿಯಮಗಳು 2022ರ ಜನವರಿ 1ರಿಂದ ವಾಣಿಜ್ಯ ಬ್ಯಾಂಕುಗಳಿಗೂ ಸಹಕಾರಿ ಬ್ಯಾಂಕುಗಳಿಗೂ ಅನ್ವಯವಾದವು. ಬೆಂಕಿ, ಕಳವು, ದರೋಡೆ, ಕಟ್ಟಡದ ಕುಸಿತ, ನೌಕರರ ವಂಚನೆ ಇವುಗಳಿಂದ ಹಾನಿಯಾದರೆ ಬ್ಯಾಂಕು ವಾರ್ಷಿಕ ಬಾಡಿಗೆಯ ನೂರು ಪಟ್ಟು ಕೊಡಬೇಕು. ಬಾಡಿಗೆ 2,000 ರೂಪಾಯಿಯಾದರೆ ಕೈಗೆ ಬರುವುದು ಎರಡು ಲಕ್ಷ, ಒಳಗೆ ಇಪ್ಪತ್ತು ತೊಲಿ ಇದ್ದರೂ ಅಷ್ಟೇ. ನೆರೆ, ಭೂಕಂಪ, ಸಿಡಿಲು ಮೊದಲಾದ ದೈವಘಟನೆಗಳಿಗೆ, ಬ್ಯಾಂಕಿನ ನಿರ್ಲಕ್ಷ್ಯವಿಲ್ಲದಿದ್ದರೆ, ಹೊಣೆಯಿಲ್ಲ. ಯಾಜ್ಞವಲ್ಕ್ಯನ ಮೂವರಲ್ಲಿ ಕಳ್ಳನೊಬ್ಬನನ್ನು ಹೊಸ ನಿಯಮ ಬ್ಯಾಂಕಿನ ಹೆಗಲಿಗೆ ಏರಿಸಿತು. ದೈವ ಇದ್ದಲ್ಲೇ ಇದೆ.

ಹೊಳೆಯ ಊರಿನವರಿಗೆ ಇದು ಸಣ್ಣ ಮಾತಲ್ಲ. 2005, 2019 ಮತ್ತು 2021ರಲ್ಲಿ ಪಂಚಗಂಗೆ, ಕೃಷ್ಣೆಗಳು ಕೊಲ್ಲಾಪುರ, ಶಿರೋಳ, ಇಚಲಕರಂಜಿ, ಸಾಂಗಲಿಗಳ ಪೇಟೆಬೀದಿಗಳಿಗೆ ನುಗ್ಗಿದ್ದನ್ನು ಕಂಡಿದ್ದೇವೆ. ಹಿರಣ್ಯಕೇಶಿಯೂ ತನ್ನ ದಂಡೆಯನ್ನು ಮೀರಿದ್ದಾಳೆ. ಬ್ಯಾಂಕಿನ ಠೇವಣಿಗೆ 5 ಲಕ್ಷ ರೂಪಾಯಿಯವರೆಗೆ ಇರುವ ಠೇವಣಿ ವಿಮೆ ಲಾಕರಿನ ಒಳಗಿನದನ್ನು ಮುಟ್ಟುವುದಿಲ್ಲ. ಲಾಕರಿನ ಸಾಮಾನಿಗೆ ಬ್ಯಾಂಕೇ ವಿಮೆ ಮಾರಬಾರದೆಂದೂ ನಿಯಮವಿದೆ. ಬೇಕಾದವರು ಬೇರೆಡೆ ಮಾಡಿಸಿಕೊಳ್ಳಬೇಕು. ನಮ್ಮ ತಾಲೂಕಿನಲ್ಲಿ ಗಲ್ಲಿಗೊಂದರಂತೆ ಇರುವ ಪತಸಂಸ್ಥೆಗಳು ರಿಸರ್ವ್ ಬ್ಯಾಂಕಿನ ಈ ನಿಯಮದ ಹೊರಗಿವೆ ಎಂಬುದನ್ನೂ ನೆನಪಿಡಬೇಕು. ಇನ್ನೊಂದು ವಿಚಿತ್ರ: ಅದೇ ಒಡವೆಯನ್ನು ಬಂಗಾರದ ಸಾಲಕ್ಕೆ ಒತ್ತೆಯಿಟ್ಟರೆ ತೂಕ, ಶುದ್ಧತೆ ದಾಖಲಾಗುತ್ತವೆ, ಕಳುವಾದರೆ ಸಾಲ ಕೊಟ್ಟವರು ಉತ್ತರ ಹೇಳಬೇಕು. ಬಾಡಿಗೆ ಕೊಟ್ಟು ಇಟ್ಟ ಬಂಗಾರಕ್ಕಿಂತ ಬಡ್ಡಿ ಕಟ್ಟಿ ಇಟ್ಟ ಬಂಗಾರಕ್ಕೆ ಭದ್ರತೆ ಹೆಚ್ಚು. ಉಪನಿಧಿಗೂ ಒತ್ತೆಗೂ ಸ್ಮೃತಿ ಮಾಡಿದ ಭೇದ ಇನ್ನೂ ಅಳಿದಿಲ್ಲ.

ಈಗ ದೊರೆಯುವ ಒಡವೆಯ ವಿಮೆಯ ಸ್ವರೂಪವೇನು? 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ನೀಡಬೇಕಾದ 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಮನೆವಿಮೆ ಬೆಂಕಿ, ನೆರೆ, ಭೂಕಂಪಗಳಿಗೆ ಒದಗುತ್ತದೆ. ಒಡವೆ ಅದರಲ್ಲಿ ತಾನಾಗಿ ಸೇರುವುದಿಲ್ಲ. ಬೆಲೆಬಾಳುವ ವಸ್ತುವೆಂದು ಪ್ರತ್ಯೇಕವಾಗಿ ಹೇಳಿ ಸೇರಿಸಬೇಕು. ಮೊತ್ತ 5 ಲಕ್ಷದೊಳಗೆ, ಒಂದೊಂದು ವಸ್ತುವಿನ ಬೆಲೆ 1 ಲಕ್ಷದೊಳಗೆ ಇದ್ದರೆ ಮೌಲ್ಯಮಾಪಕರ ಪ್ರಮಾಣಪತ್ರ ಬೇಡ. ಮನೆಯಿಂದ ಹೊರಗೆ, ಮೈಮೇಲಿರುವಾಗ ಆಗುವ ನಷ್ಟಕ್ಕೆ 'ಆಲ್ ರಿಸ್ಕ್' ಎಂಬ ಬೇರೆ ವಿಮೆ ಬೇಕು. ಕೆಲವು ಆಭರಣ ಮಳಿಗೆಗಳು ಕೊಂಡವರಿಗೆ ಒಂದು ವರ್ಷದ ವಿಮೆಯನ್ನು ಉಚಿತವಾಗಿ ಕೊಡುತ್ತವೆ. ಅದನ್ನು ಓದಿ ನೋಡುವವರು ಕಡಿಮೆ.

ಓದಿದರೆ ತಿಳಿಯುವುದು, ಕಳುವು ಬೇರೆ, ಕಳೆಯುವುದು ಬೇರೆ ಎಂದು. ಕಾಳಿದಾಸನ ಶಕುಂತಲೆಯ ಉಂಗುರ ಶಚೀತೀರ್ಥದಲ್ಲಿ ನೀರಿಗೆ ಜಾರಿತು. ಬರಿಯ ಕಳುವಿನ ವಿಮೆಯಿದ್ದಿದ್ದರೆ ಅವಳಿಗೆ ಒಂದು ಕಾಸೂ ಸಿಗುತ್ತಿರಲಿಲ್ಲ. ಆಲ್ ರಿಸ್ಕ್ ಇದ್ದಿದ್ದರೂ, ಎಲ್ಲಿ ಹೇಗೆ ಹೋಯಿತೆಂದು ಹೇಳಲಾರದ ನಷ್ಟವನ್ನು ಅಂಥ ವಿಮೆಗಳು ಸಾಮಾನ್ಯವಾಗಿ ಹೊರಗಿಡುವುದರಿಂದ ಗೌತಮಿಯ ಸಾಕ್ಷ್ಯ ಬೇಕಾಗುತ್ತಿತ್ತು. 1870ರಲ್ಲಿ ಚುರಮುರಿ ಶೇಷಗಿರಿರಾಯರು ಈ ನಾಟಕವನ್ನು ಉತ್ತರ ಕರ್ನಾಟಕದ ರಂಗಕ್ಕೆ ತಂದಾಗಿನಿಂದ ನಮ್ಮವರು ಅಳುತ್ತ ನೋಡಿದ ಕಥೆಯಿದು. ಅದರಲ್ಲಿ ಗಮನಕ್ಕೆ ಬಾರದ ಒಂದು ಸಂಗತಿಯಿದೆ. ಉಂಗುರ ಸಿಕ್ಕಾಗ ರಾಜನು ಅದರ ಬೆಲೆಗೆ ಸಮನಾದ ಹಣವನ್ನು ಕೊಡಿಸುತ್ತಾನೆ, ಕೊಡಿಸುವುದು ಬೆಸ್ತನಿಗೆ. ಯಾರ ಬೆರಳಿನಿಂದ ಜಾರಿತೋ ಅವಳ ಲೆಕ್ಕಕ್ಕೆ ಏನೂ ಬರುವುದಿಲ್ಲ.

ಬೆಲೆಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ಮದುವೆಯ ವರ್ಷ 50,000 ರೂಪಾಯಿಗೆ ಕೊಂಡ ಉಂಗುರಕ್ಕೆ ಅಷ್ಟೇ ಮೊತ್ತದ ವಿಮೆ ಮಾಡಿಸಿ ಮರೆತುಬಿಟ್ಟರೆ, ಬಂಗಾರದ ದರ ದುಪ್ಪಟ್ಟಾದ ಮೇಲೆ ಆ ವಿಮೆ ಅರ್ಧ ಉಂಗುರಕ್ಕೆ ಮಾತ್ರ. ಕೆಲವು ಕರಾರುಗಳಲ್ಲಿ ಭಾಗಶಃ ಹಾನಿಯಾದರೂ ಅದೇ ಪ್ರಮಾಣದಲ್ಲಿ ಕಡಿತ ಮಾಡುತ್ತಾರೆ. ಪ್ರತಿವರ್ಷ ಮೊತ್ತ ತಿದ್ದಿಸಬೇಕು. ಗುರುತಿನ ತೊಡಕು ಮಾತ್ರ ಈಗ ಸ್ವಲ್ಪ ಸಡಿಲಿದೆ. ರಾಮನ ಉಂಗುರದಲ್ಲಿ ಅವನ ಹೆಸರು ಕೊರೆದಿತ್ತು, ಆದ್ದರಿಂದ ಸೀತೆ ಹನುಮಂತನನ್ನು ನಂಬಿದಳು. 2023ರ ಏಪ್ರಿಲ್ 1ರಿಂದ ಮಾರಾಟವಾಗುವ ಹಾಲ್‌ಮಾರ್ಕಿನ ಒಡವೆಗಳಲ್ಲಿ ಒಂದೊಂದಕ್ಕೂ ಅಕ್ಷರ ಮತ್ತು ಅಂಕಿಗಳ ಆರು ಸ್ಥಾನದ ಪ್ರತ್ಯೇಕ ಗುರುತುಸಂಖ್ಯೆ ಇರಬೇಕು. ಅಜ್ಜಿಯ ಕಾಲದ ಒಡವೆಗೆ ಪಾವತಿಯೂ ಇಲ್ಲ, ಸಂಖ್ಯೆಯೂ ಇಲ್ಲ. ಅದನ್ನು ಅಧಿಕೃತ ಮೌಲ್ಯಮಾಪಕರಿಂದ ತೂಗಿಸಿ, ಚಿತ್ರ ತೆಗೆಸಿ ಇಡದಿದ್ದರೆ ಕಂಪನಿಗಳು ಒಪ್ಪುವುದು ಕಷ್ಟ. ಈ ಕಾಗದಗಳು ಬರುವುದು ಇಂಗ್ಲಿಷಿನಲ್ಲಿ, ಹೆಚ್ಚೆಂದರೆ ಮರಾಠಿಯಲ್ಲಿ. ಕನ್ನಡವನ್ನಷ್ಟೇ ಓದಬಲ್ಲ ನಮ್ಮ ಹಿರಿಯ ಹೆಣ್ಣುಮಕ್ಕಳು ತಮ್ಮದೇ ಒಡವೆಯ ಕರಾರನ್ನು ಇನ್ನೊಬ್ಬರ ಬಾಯಿಂದ ಕೇಳಬೇಕಾಗಿದೆ.

ಇಲ್ಲಿಗೆ ಎರಡು ಪ್ರಶ್ನೆಗಳೂ ಮತ್ತೆ ಕೂಡಿಕೊಳ್ಳುತ್ತವೆ. ಲಾಕರು ಮಾವನ ಹೆಸರಿನಲ್ಲಿ, ಮನೆವಿಮೆ ಗಂಡನ ಹೆಸರಿನಲ್ಲಿ, ಕಪಾಟಿನ ಕೀಲಿ ಅತ್ತೆಯ ಸೆರಗಿನಲ್ಲಿ ಇರುವ ಮನೆಗಳು ನಮ್ಮ ಸುತ್ತ ಎಷ್ಟೋ. ಇದರಲ್ಲಿ ದುರುದ್ದೇಶ ಇರಬೇಕೆಂದೇನಿಲ್ಲ, ರೂಢಿ ಹಾಗಿದೆ. ಆದರೆ ಪರಿಹಾರದ ಹಣ ಸಲ್ಲುವುದು ವಿಮೆಯ ಪತ್ರದಲ್ಲಿ ಹೆಸರಿರುವವರಿಗೆ. ಹೆಂಡತಿಯ ಒಡವೆ ಕಳುವಾಗಿ ಬಂದ ಹಣ ಗಂಡನ ಖಾತೆಗೆ ಸೇರಿದರೆ, ಸ್ತ್ರೀಧನವು ಒಂದು ಚೆಕ್ಕಿನ ಮೂಲಕ ಕುಟುಂಬದ ಧನವಾಗಿಬಿಡುತ್ತದೆ. 1985ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ತ್ರೀಧನ ಮದುವೆಯಿಂದ ಜಂಟಿ ಆಸ್ತಿಯಾಗುವುದಿಲ್ಲ, ಅದನ್ನು ಇಟ್ಟುಕೊಂಡ ಗಂಡನಾಗಲಿ ಅವನ ಕಡೆಯವರಾಗಲಿ ನಂಬಿಕೆಯ ಮೇಲೆ ಇಟ್ಟುಕೊಂಡವರು, ಕೊಡದಿದ್ದರೆ ಅದು ವಿಶ್ವಾಸದ್ರೋಹದ ಅಪರಾಧ ಎಂದು ತೀರ್ಪಿತ್ತಿತು. 2024ರ ಏಪ್ರಿಲ್‌ನಲ್ಲಿ ಕೇರಳದ ಒಂದು ಪ್ರಕರಣ ಅದೇ ನ್ಯಾಯಾಲಯದ ಮುಂದೆ ಬಂದಿತು. 2003ರ ಮದುವೆ, ಮದುಮಗಳಿಗೆ ತವರಿನವರು ಹಾಕಿದ್ದು 89 ಪವನು ಬಂಗಾರ. ಮೊದಲ ರಾತ್ರಿಯೇ ಗಂಡ ಅದನ್ನು ಜೋಪಾನಕ್ಕೆಂದು ಪಡೆದು ತನ್ನ ತಾಯಿಯ ಕೈಗೆ ಕೊಟ್ಟನೆಂಬುದೂ, ಅದು ಹಳೆಯ ಸಾಲಗಳಿಗೆ ಹೋಯಿತೆಂಬುದೂ ಆಕೆಯ ದೂರು. ಕೌಟುಂಬಿಕ ನ್ಯಾಯಾಲಯ 8,90,000 ರೂಪಾಯಿ ಕೊಡಿಸಿತು. ಉಚ್ಚ ನ್ಯಾಯಾಲಯ ಆಕೆ ಅದನ್ನು ಸಾಬೀತುಪಡಿಸಿಲ್ಲವೆಂದು ಆ ಪರಿಹಾರವನ್ನು ತೆಗೆದುಹಾಕಿತು. ಸರ್ವೋಚ್ಚ ನ್ಯಾಯಾಲಯವು ಗಂಡನು ಸಂಕಟದಲ್ಲಿ ಸ್ತ್ರೀಧನವನ್ನು ಬಳಸಬಹುದು, ಆದರೆ ಅದನ್ನೋ ಅದರ ಬೆಲೆಯನ್ನೋ ಹಿಂದಿರುಗಿಸುವ ನೈತಿಕ ಬಾಧ್ಯತೆ ಅವನಿಗಿದೆ ಎಂದು ಹೇಳಿ 25 ಲಕ್ಷ ರೂಪಾಯಿ ಕೊಡಿಸಿತು. ಕಲ್ಯಾಣದ ಗ್ರಂಥದಲ್ಲಿ ಉಳಿದಿದ್ದ ಕಿಂಡಿ ಇಷ್ಟರಮಟ್ಟಿಗೆ ಮುಚ್ಚಿತು, ಒಂಬತ್ತು ಶತಮಾನಗಳಾದ ಮೇಲೆ.

ಆ ಹೆಣ್ಣುಮಗಳು ಮದುವೆಯಾಗಿ ಇಪ್ಪತ್ತೊಂದು ವರ್ಷಗಳಾಗಿದ್ದವು. ಉಚ್ಚ ನ್ಯಾಯಾಲಯಕ್ಕೂ ಸರ್ವೋಚ್ಚ ನ್ಯಾಯಾಲಯಕ್ಕೂ ನಡುವೆ ಭಿನ್ನಾಭಿಪ್ರಾಯ ಬಂದದ್ದು ಕಾನೂನಿಗಿಂತ ಹೆಚ್ಚಾಗಿ ಪುರಾವೆಯ ವಿಷಯದಲ್ಲಿ: ಬಂಗಾರ ಎಷ್ಟಿತ್ತು, ಯಾರ ಕೈಗೆ ಹೋಯಿತು ಎಂಬುದಕ್ಕೆ ಎಷ್ಟು ಸಾಕ್ಷ್ಯ ಸಾಕು? ಗಡಹಿಂಗ್ಲಜದ ಸರಾಫನ ಪಾವತಿ, ಹಾಲ್‌ಮಾರ್ಕಿನ ಸಂಖ್ಯೆ, ತೂಕದ ಚೀಟಿ, ಹೆಣ್ಣಿನ ಹೆಸರಿನಲ್ಲೇ ಮಾಡಿಸಿದ ವಿಮೆಯ ಪತ್ರ ಇವಿಷ್ಟೂ ಒಂದು ಲಕೋಟೆಯಲ್ಲಿ ಹಿಡಿಸುತ್ತವೆ. ಮದುವೆಯ ಯಾದಿ ಬರೆಯುವಾಗ ತಾಳಿ, ಉಂಗುರ, ಬಾಸಿಂಗ, ಸೀರೆಗಳ ಸಾಲಿನಲ್ಲಿ ಆ ಲಕೋಟೆಗೂ ಒಂದು ಅಂಕಿ ಹಾಕಿ, ಹೆಣ್ಣು ತವರಿನಿಂದ ಹೊರಡುವಾಗ ಅವಳ ಕೈಯಲ್ಲೇ ಅದನ್ನು ಕೊಡಬಹುದು.